ಎಡಗಡೆ ಸೀಟಿನ ತಲೆನೋವು

ನನ್ನ ಹೊಟ್ಟೆಪಾಡು ಹಲ್ಲಿನದು. ಹಲ್ಲು ಕೀಳುವವನಲ್ಲ, ಕಿತ್ತ ಜಾಗಕ್ಕೆ ಹೊಸದು ಮಾಡಿಕೊಡುವವನು. ಮುಂದಿನ ಕೋಣೆಯಲ್ಲಿ ದಂತವೈದ್ಯರು ಬಿಳಿ ಕೋಟು ತೊಟ್ಟು ರೋಗಿಗಳನ್ನು ಮಾತಾಡಿಸುತ್ತಾರೆ. ಹಿಂದಿನ ಕೋಣೆಯಲ್ಲಿ ನಾನು ಮೊಣಕೈವರೆಗೂ ಪ್ಲಾಸ್ಟರ್ ಮೆತ್ತಿಕೊಂಡು ಅವರ ದವಡೆಯ ಅಚ್ಚುಗಳ ಜೊತೆ ಏಗುತ್ತೇನೆ. ಆ ಕೋಣೆಗೆ ಕಿಟಕಿಯಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಈ ಊರಿನ ಎಷ್ಟು ಬಾಯಿಗಳು ನನ್ನ ಮೇಜಿನ ಮೇಲೆ ಬಂದು ಹೋಗಿವೆಯೋ ಲೆಕ್ಕವಿಲ್ಲ, ಆದರೆ ಒಬ್ಬರ ಮುಖವೂ ನನಗೆ ಗೊತ್ತಿಲ್ಲ. ಬಸ್ಸಿನಲ್ಲಿ ಎದುರು ಕೂತವರು ಆಕಳಿಸಿದರೆ ಮಾತ್ರ, ಓಹೋ ಇವರಾ, ಎಂದು ಗುರುತು ಹತ್ತುತ್ತದೆ.

ಮುಖ ಕಾಣದ ಕೆಲಸದಲ್ಲಿ ಒಂದು ಸುಖವಿದೆ. ದೂರುಗಳು ನೇರವಾಗಿ ತಲುಪುವುದಿಲ್ಲ. "ಅವರಿಗೆ ಚುಚ್ಚುತ್ತಂತೆ," ಎಂದು ವೈದ್ಯರು ಬಾಗಿಲಲ್ಲಿ ತಲೆ ಹಾಕುತ್ತಾರೆ. "ಇವರಿಗೆ ಕಚ್ಚಿದ್ರೆ ನೋವಂತೆ." ನಾನು ತಲೆ ಎತ್ತದೆ ಹೇಳುತ್ತೇನೆ, "ಮೊದಮೊದ್ಲು ಹಾಗೇ ಸಾರ್. ರೂಢಿ ಆಗುತ್ತೆ ಅಂತ ಹೇಳಿ." ನಾನು ಮಾಡಿದ ಹಲ್ಲು ಸರಿಯಾಗಿಯೇ ಇರುತ್ತದೆ, ಹೊಂದಿಕೊಳ್ಳಬೇಕಾದದ್ದು ಬಾಯಿ ಎಂದು ಪ್ರಾಮಾಣಿಕವಾಗಿ ನಂಬಿದ್ದೆ. ಇಷ್ಟು ಹೇಳಿದ ಮೇಲೆ ನಾನೆಂಥ ಮನುಷ್ಯ ಎಂದು ಬೇರೆ ವಿವರಿಸಬೇಕಾಗಿಲ್ಲ.

ಐವತ್ತನೇ ವಯಸ್ಸಿನಲ್ಲಿ ನನಗೆ ಸ್ಪೋರ್ಟ್ಸ್ ಕಾರಿನ ಹುಚ್ಚು ಹಿಡಿಯಿತು. ಕೆಂಪು, ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಓಡುವ ಜಾತಿಯದು. ಕಾರಿನ ವಯಸ್ಸು ಇಪ್ಪತ್ತೊಂದು. ಕೆಂಪು ಎಂದು ಕಾಗದದಲ್ಲಿತ್ತು, ಕಣ್ಣಿಗೆ ಹಳೆಯ ಇಟ್ಟಿಗೆಯ ಬಣ್ಣ ಕಾಣುತ್ತಿತ್ತು. ಹತ್ತುವಾಗ ಮೈಯನ್ನು ಮೂರು ಕಡೆ ಮಡಚಬೇಕು. ಇಳಿಯುವಾಗ ಮೊದಲು ಕಾಲು, ಆಮೇಲೆ ಕೈ, ಕೊನೆಗೆ ಬಾಯಿಂದ "ಅಯ್ಯಮ್ಮಾ" ಎಂಬ ಶಬ್ದ ಹೊರಬರುತ್ತದೆ. ಇಷ್ಟಾದರೂ ಸಿಗ್ನಲ್ಲಿನಲ್ಲಿ ಪಕ್ಕದವರು ತಿರುಗಿ ನೋಡಿದಾಗ ಎದೆ ಉಬ್ಬುತ್ತಿತ್ತು. ಅವರು ನೋಡುತ್ತಿದ್ದದ್ದು ಶಬ್ದಕ್ಕೆ ಎಂದು ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು.

ನನ್ನ ಹೆಂಡತಿಗೆ ತಿಳಿಯಲು ಎರಡು ನಿಮಿಷ ಸಾಕಾಯಿತು. ಅವಳು ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವಳು. ಹದಿನೇಳು ವರ್ಷದಿಂದ ಎಡಗಡೆ ಸೀಟಿನಲ್ಲಿ ಕೂತು, ಕೈಕಾಲು ನಡುಗುವ ಹೊಸಬರ ಪಕ್ಕ ತನ್ನದೊಂದು ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಸಂಜೆಯವರೆಗೂ ಊರು ಸುತ್ತುತ್ತಾಳೆ. ಕಾರು ಮನೆಗೆ ಬಂದ ದಿನ ಅವಳು ಒಂದು ಸುತ್ತು ಹಾಕಿದಳು, ಬಗ್ಗಿ ಕಿವಿ ಕೊಟ್ಟಳು, ಎದ್ದು ನಿಂತು ಹೇಳಿದಳು, "ಇದ್ರ ಶಬ್ದ ಸರಿ ಇಲ್ಲ ರೀ."

"ಸ್ಪೋರ್ಟ್ಸ್ ಕಾರು ಕಣೇ, ಇದ್ರ ಶಬ್ದಾನೇ ಹಾಗೆ," ಎಂದೆ. ಹೇಳಿದವನಿಗೆ ಆವರೆಗೆ ಅಂಥ ಕಾರಿನ ಒಳಗೆ ಕೂತು ಗೊತ್ತಿದ್ದದ್ದು ಒಟ್ಟು ನಲವತ್ತು ನಿಮಿಷ.

ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಅದು ಹೊಲಿಗೆ ಯಂತ್ರದ ಹಾಗೆ ಟಿಕ್ ಟಿಕ್ ಎನ್ನುತ್ತಿತ್ತು. ಬಿಸಿಯಾದ ಮೇಲೆ ಟಿಕ್ ಟಿಕ್ ಅಡಗಿ, ಕಾಲು ಒತ್ತಿದಾಗಲೆಲ್ಲ ಪುಸ್ಸೆಂದು ಉಸಿರು ಬಿಡುತ್ತಿತ್ತು. ಅದರ ಹೊಗೆ ಕೊಳವೆ ಎಲ್ಲೋ ಸೋರುತ್ತಿದೆ ಎಂದು ಯಾರಿಗಾದರೂ ಹೊಳೆಯಬೇಕು. ನನಗೆ ಅದು ಹುಲಿಯ ಗುರುಗುಟ್ಟುವಿಕೆಯಾಗಿ ಕೇಳುತ್ತಿತ್ತು. ಅದನ್ನು ಇನ್ನೂ ಚೆನ್ನಾಗಿ ಕೇಳಲು ಒಂದು ಕಾಯಿದೆಯನ್ನೂ ಮಾಡಿದ್ದೆ. ನನ್ನ ಕಡೆಯ ಗಾಜು ಇಳಿದಿರಬೇಕು, ಏಕೆಂದರೆ ಮೊಣಕೈ ಹೊರಗಿಡದೆ ಓಡಿಸಿದರೆ ಅದೆಂಥ ಸ್ಪೋರ್ಟ್ಸ್ ಕಾರು? ಅವಳ ಕಡೆಯ ಗಾಜು ಮಾತ್ರ ಮುಚ್ಚಿರಬೇಕು, ಏಕೆಂದರೆ ಎರಡೂ ಇಳಿಸಿದರೆ ಗಾಳಿಯ ಗದ್ದಲದಲ್ಲಿ ಎಂಜಿನ್ನಿನ ಶಬ್ದ ಕೇಳುವುದಿಲ್ಲ.

ಭಾನುವಾರ ಭಾನುವಾರ ಅವಳನ್ನು ಕೂರಿಸಿಕೊಂಡು ಅಣೆಕಟ್ಟಿನ ರಸ್ತೆಗೆ ಹೋಗುತ್ತಿದ್ದೆ. ಅರ್ಧ ಗಂಟೆಯಾಗುವಷ್ಟರಲ್ಲಿ ಅವಳು ಹಣೆ ಒತ್ತಿಕೊಳ್ಳುತ್ತಿದ್ದಳು. "ತಲೆ ನೋಯ್ತಾ ಇದೆ ರೀ. ಒಂಥರಾ ಹೊಟ್ಟೆ ತೊಳಸ್ತಾ ಇದೆ." ನಾನು ರಸ್ತೆಯಿಂದ ಕಣ್ಣು ತೆಗೆಯದೆ ಹೇಳುತ್ತಿದ್ದೆ, "ರೂಢಿ ಆಗುತ್ತೆ."

ರೂಢಿಯಾಗಲಿಲ್ಲ. ಭಾನುವಾರಗಳಲ್ಲಿ ಅವಳಿಗೆ ಬಟ್ಟೆ ಒಗೆಯುವುದು, ಕಪಾಟು ಜೋಡಿಸುವುದು, ಯಾರನ್ನೋ ನೋಡಲು ಹೋಗುವುದು ಹೀಗೆ ಕೆಲಸ ಹುಟ್ಟಿಕೊಳ್ಳತೊಡಗಿತು. ನಾನೊಬ್ಬನೇ ಅಣೆಕಟ್ಟಿಗೆ ಹೋಗಿ ನೀರು ನೋಡಿ ಬರುತ್ತಿದ್ದೆ. ಪಕ್ಕದ ಸೀಟಿನಲ್ಲಿ ನೀರಿನ ಬಾಟಲಿ ಇರುತ್ತಿತ್ತು. ಮಕ್ಕಳಿಲ್ಲದ ನಮ್ಮಿಬ್ಬರಿಗೆ ಎರಡೇ ಸೀಟು ಸಾಕು ಎಂದು ಹೇಳಿ ಕೊಂಡಿದ್ದ ಕಾರು ಅದು. ಅವಳು ಆ ಸೀಟಿನಲ್ಲಿ ಇಲ್ಲದಿದ್ದರೆ ನನಗೆ ಆ ಕಾರು ಏನೇನೂ ಅಲ್ಲ. ಇದನ್ನು ಅವಳಿಗೆ ಹೇಳಬಹುದಿತ್ತು, ಹೇಳಲಿಲ್ಲ. ನನ್ನ ಖುಷಿ ಕಂಡರೆ ಇವಳಿಗೆ ಆಗುವುದಿಲ್ಲ ಎಂದು ಮುಖ ಗಂಟಿಕ್ಕಿಕೊಂಡು ಓಡಾಡಿದೆ.

ಹೀಗಿರುವಾಗ ಅವಳ ಅಕ್ಕನಿಗೆ ಮಂಡಿಯ ಆಪರೇಷನ್ ಆಯಿತು. ಅಕ್ಕನ ಊರು ಘಾಟಿ ಹತ್ತಿ ಐದು ಗಂಟೆಯ ದಾರಿ. ಒಂದು ತಿಂಗಳು ಹೋಗಿ ನೋಡಿಕೊಳ್ಳಬೇಕು ಎಂದು ಇವಳು ರಜೆ ಹಾಕಿದಳು. ಹೊರಡಲು ಹನ್ನೆರಡು ದಿನವಿತ್ತು.

"ನಾನೇ ಕಾರಲ್ಲಿ ಬಿಟ್ಟು ಬರ್ತೀನಿ," ಎಂದೆ.

"ಬೇಡ ರೀ, ಬಸ್ಸಿಗೆ ಹೋಗ್ತೀನಿ. ಅದ್ರಲ್ಲಿ ಕೂತ್ರೆ ನನ್ ತಲೆ ಸಿಡಿಯುತ್ತೆ."

"ಶಬ್ದ ಸರಿ ಮಾಡಿಸಿದ್ರೆ ಬರ್ತೀಯಾ?"

ಅವಳು ಸ್ವಲ್ಪ ಯೋಚಿಸಿದಳು. "ಸರಿ ಮಾಡ್ಸಿ. ಆಮೇಲೆ ನೋಡೋಣ."

ಮಾರನೆಯ ದಿನವೇ ಕಾರಿನ ಕಂಪನಿಯ ಶೋರೂಮಿಗೆ ಹೋದೆ. ಅಲ್ಲಿ ನೆಲ ನನ್ನ ಮನೆಯ ತಟ್ಟೆಗಿಂತ ಸ್ವಚ್ಛವಾಗಿತ್ತು. ಮೇಜಿನ ಹಿಂದಿನ ಹುಡುಗಿ ಕಾಫಿ ಕೊಟ್ಟಳು, ಕಂಪ್ಯೂಟರಿನಲ್ಲಿ ಏನೋ ಒತ್ತಿದಳು, ಮುಂಭಾಗದ ಕೊಳವೆಯಿಂದ ಸೈಲೆನ್ಸರಿನವರೆಗೆ ಇಡೀ ಸೆಟ್ಟೇ ಬದಲಾಯಿಸಬೇಕು ಎಂದು ನಗುನಗುತ್ತ ಒಂದು ಮೊತ್ತ ಹೇಳಿದಳು. ನನ್ನ ನಾಲ್ಕು ತಿಂಗಳ ಸಂಬಳ. ಕಾರನ್ನು ಇನ್ನೊಂದು ಸಲ ಕೊಳ್ಳಲು ಅದಕ್ಕಿಂತ ಹೆಚ್ಚೇನೂ ಬೇಡವಾಗಿತ್ತು. "ಯೋಚ್ನೆ ಮಾಡಿ ಹೇಳ್ತೀನಿ," ಎಂದು ಗಂಭೀರವಾಗಿ ಹೇಳಿ, ಕನಿಷ್ಠ ಇದಾದರೂ ಗಿಟ್ಟಲಿ ಎಂದು ಇನ್ನೊಂದು ಕಾಫಿ ಕುಡಿದು ಬಂದೆ.

ಆಮೇಲೆ ನನ್ನೊಳಗಿನ ಕಸುಬುದಾರ ಎದ್ದು ಕೂತ. ಕೂದಲೆಳೆಯಷ್ಟು ಸಂದು ಬಿಡದೆ ಹಲ್ಲು ಕೂರಿಸುವವನಿಗೆ ಒಂದು ಕಬ್ಬಿಣದ ಕೊಳವೆಯ ಸಂದು ಮುಚ್ಚಲು ಬಾರದೇ? ಮೊಬೈಲಿನಲ್ಲಿ ಯಾರೋ ಪುಣ್ಯಾತ್ಮ ಅಗ್ಗದ ಉಪಾಯ ಹೇಳಿಕೊಟ್ಟಿದ್ದ. ಕಸ ಹೀರುವ ಯಂತ್ರದ ಕೊಳವೆಯನ್ನು ಗಾಳಿ ಊದುವ ಬದಿಗೆ ಸಿಕ್ಕಿಸಿ, ಕಾರಿನ ಹೊಗೆ ಬರುವ ತುದಿಗೆ ಇಟ್ಟು ಸುತ್ತಲೂ ಬಟ್ಟೆ ತುರುಕಬೇಕು. ಯಂತ್ರ ಚಾಲೂ ಮಾಡಿ, ಕೊಳವೆಯ ಮೇಲೆಲ್ಲ ಸೋಪಿನ ನೀರು ಬಳಿಯುತ್ತ ಹೋಗಬೇಕು. ಎಲ್ಲಿ ಗುಳ್ಳೆ ಏಳುತ್ತದೋ ಅಲ್ಲಿ ತೂತು.

ಹೆಂಡತಿ ಕೆಲಸಕ್ಕೆ ಹೋದ ಹೊತ್ತು ನೋಡಿ ಅವಳ ಯಂತ್ರ, ಅವಳ ಟವೆಲು, ಅವಳ ಪಾತ್ರೆ ತೊಳೆಯುವ ಸೋಪು ಮೂರನ್ನೂ ಹೊರಗೆ ತಂದೆ. ಕಾರಿನ ಮೂತಿಯನ್ನು ಜಾಕಿನ ಮೇಲೆತ್ತಿ, ಚಕ್ರಕ್ಕೆ ಕಲ್ಲು ಕೊಟ್ಟು ಅಡಿಗೆ ತೂರಿದೆ. ಎದುರುಮನೆಯ ನಿವೃತ್ತ ಮೇಷ್ಟ್ರು ಗೇಟಿಗೆ ಬಂದು ನಿಂತು ಕಾರಿನ ಹಿಂಬದಿಗೆ ಯಂತ್ರ ಹಚ್ಚಿದ್ದನ್ನು ಬಹಳ ಹೊತ್ತು ನೋಡಿದರು. "ಹುಷಾರಿಲ್ವೇನಪ್ಪಾ ಅದಕ್ಕೆ?" ಎಂದು ಕೇಳಿದರು. ನಾನು ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ, ಸೋಪಿನ ನೀರು ಕಣ್ಣಿಗೆ ಇಳಿಯುತ್ತಿತ್ತು.

ಗುಳ್ಳೆ ಸಿಕ್ಕಿತು! ಎಂಜಿನ್ನಿಗೆ ಹತ್ತಿರ, ಮುಂದಿನ ಕೊಳವೆಯನ್ನು ಬೋಲ್ಟು ಹಾಕಿ ಬಿಗಿದ ಜಾಗದಲ್ಲಿ ಬುಳುಬುಳು ಎಂದು ಎದ್ದಿತು. ಮೂರು ಬೋಲ್ಟುಗಳಲ್ಲಿ ಒಂದು ಮುರಿದು ಹೋಗಿತ್ತು. ನಾನು ಮಲಗಿದಲ್ಲೇ ಹಿಗ್ಗಿ ಹೀರೇಕಾಯಿಯಾದೆ. ಅಲ್ಲಿಗೆ ಯಂತ್ರ ಆರಿಸಿ ಎದ್ದುಬಿಟ್ಟೆ. ಹಿಂದಕ್ಕೆ ಇನ್ನೂ ಎರಡು ಮಾರು ಕೊಳವೆ ಇತ್ತು, ಅದಕ್ಕೂ ಸೋಪು ಬಳಿಯಬೇಕಿತ್ತು. ಶಬ್ದ ಬರುವ ತೂತು ಸಿಕ್ಕಿತಲ್ಲ, ಶಬ್ದ ಮಾಡದ ತೂತಿನ ಗೊಡವೆ ನನಗೇಕೆ?

ಇನ್ನು ಮುಚ್ಚುವ ಮದ್ದು. ಅಂಗಡಿಯ ಪೇಸ್ಟಿಗೆ ಕಾಸು ಕೊಡುವುದೇಕೆ ಎಂದು ನನ್ನ ಜಿಪುಣತನಕ್ಕೆ ಒಂದು ಮಿಂಚು ಹೊಳೆಯಿತು. ಲೋಹದ ಹಲ್ಲು ಎರಕ ಹೊಯ್ಯಲು ನಾವು ಒಂದು ಅಚ್ಚಿನ ಪುಡಿ ಬಳಸುತ್ತೇವೆ. ನೀರಲ್ಲಿ ಕಲಸಿದರೆ ಹಿಟ್ಟು, ಒಣಗಿದರೆ ಕಲ್ಲು. ಕರಗಿದ ಲೋಹವನ್ನು ಸುರಿದರೂ ಜಪ್ಪಯ್ಯ ಅನ್ನುವುದಿಲ್ಲ. ಅದರ ಮುಂದೆ ಕಾರಿನ ಹೊಗೆ ಯಾವ ಲೆಕ್ಕ? ನನ್ನ ಕೆಲಸದ ಕೋಣೆಯ ಡಬ್ಬಿಯ ತಳದಲ್ಲಿ ಉಳಿದಿದ್ದನ್ನು ಕಟ್ಟಿಕೊಂಡು ಬಂದು, ಕಲಸಿ, ದವಡೆಗೆ ಮೆತ್ತುವಷ್ಟೇ ನಾಜೂಕಾಗಿ ಸಂದಿಗೆ ಮೆತ್ತಿದೆ. ಬೆರಳಿಂದ ಸವರಿ ನುಣುಪು ಮಾಡಿದೆ. ಯಾರಿಗೂ ಕಾಣದ ಜಾಗ, ಆದರೂ ಚೆಂದ ಬೇಕಲ್ಲ.

ಇಲ್ಲಿ ಒಂದು ಸಂಗತಿ ಹೇಳಬೇಕು. ಆ ಪುಡಿಯನ್ನು ತಯಾರಿಸುವುದೇ ಒಡೆದು ಬಿಸಾಡಲು. ಕಾದರೆ ಅದು ಹಿಗ್ಗುತ್ತದೆ, ಎರಕ ಆರಿದ ಮೇಲೆ ಪುಟ್ಟ ಸುತ್ತಿಗೆಯಿಂದ ಟಕ್ಕೆಂದು ತಟ್ಟಿದರೆ ಪುಡಿಪುಡಿಯಾಗಿ ಉದುರಿ ಒಳಗಿನ ಹಲ್ಲು ಈಚೆ ಬರುತ್ತದೆ. ಇಪ್ಪತ್ತೆಂಟು ವರ್ಷದಿಂದ ದಿನಕ್ಕೆ ನಾಲ್ಕು ಸಲ ನಾನೇ ಕೈಯಾರೆ ತಟ್ಟಿ ಒಡೆಯುವ ವಸ್ತು ಅದು. ಹಳ್ಳಕೊಳ್ಳದ ರಸ್ತೆಯಲ್ಲಿ ಓಡುವ ಕಾರಿಗೆ ಅದನ್ನು ಮೆತ್ತಿದ ಬೆಪ್ಪುತಕ್ಕಡಿಯೂ ನಾನೇ.

ಬೆಳಿಗ್ಗೆ ಸ್ಟಾರ್ಟ್ ಮಾಡಿದೆ. ಟಿಕ್ ಟಿಕ್ ಇಲ್ಲ! ಹೆಂಡತಿಯನ್ನು ಕೈಹಿಡಿದು ಕರೆದುಕೊಂಡು ಬಂದು ಕೇಳಿಸಿದೆ. ಅವಳು ಕಿವಿಗೊಟ್ಟು ಹುಬ್ಬೇರಿಸಿದಳು. "ಪರ್ವಾಗಿಲ್ವೇ," ಎಂದಳು. ಆ ಒಂದು ಮಾತಿಗೆ ನಾನು ಶಾಲೆಯಲ್ಲಿ ಬಹುಮಾನ ಬಂದ ಮಗುವಿನಂತಾದೆ. ಸಂಜೆ ಅವಳನ್ನು ಕೂರಿಸಿಕೊಂಡು ಅಣೆಕಟ್ಟಿನ ಕಡೆ ಹೊರಟೆ. ಚಳಿಯಿತ್ತು, ಅವಳ ಕಡೆಯ ಗಾಜು ಮುಚ್ಚಿಸಿದೆ. ನಿಶ್ಶಬ್ದವಾಗಿ ತೇಲಿದಂತೆ ಹೋಗುತ್ತಿದ್ದೆವು. ನಾನು ನನ್ನ ಅಚ್ಚಿನ ಪುಡಿಯ ಮಹಿಮೆಯನ್ನು ಕೊಚ್ಚಿಕೊಳ್ಳುತ್ತಲೇ ಇದ್ದೆ. ಅರ್ಧ ಗಂಟೆಯಾಗಿರಬೇಕು, ಅವಳ ಕೈ ಹಣೆಗೆ ಹೋಯಿತು.

"ಏನೇ?"

"ತಲೆ ನೋಯ್ತಾ ಇದೆ ರೀ."

"ಶಬ್ದಾನೇ ಇಲ್ವಲ್ಲೇ ಈಗ!"

"ಶಬ್ದಕ್ಕೆ ನೋಯುತ್ತೆ ಅಂತ ನಾನು ಯಾವತ್ತು ಹೇಳಿದ್ದೆ?"

ಆಗ ಒಂದು ಹಳ್ಳ ಬಂತು. ದಡಕ್ಕೆಂದು ಕಾರು ಕುಕ್ಕಿತು, ಕೆಳಗೆ ಏನೋ ಪಟಪಟ ಉದುರಿತು. ಹಿಂದೆಯೇ ಹಳೆಯ ಶಬ್ದ ಎರಡರಷ್ಟು ಜೋರಾಗಿ ಮರಳಿತು. ಅವಮಾನಕ್ಕೆ ನನ್ನ ಕಿವಿ ಬಿಸಿಯಾಯಿತು. ಆ ಸಿಟ್ಟನ್ನು ಹಳ್ಳದ ಮೇಲೆ ತೀರಿಸಿಕೊಳ್ಳಲು ಆಗುವುದಿಲ್ಲ, ಪಕ್ಕದಲ್ಲಿ ಅವಳಿದ್ದಳು.

"ಇಡೀ ದಿನ ಕಂಡೋರ ಪಕ್ಕ ಕೂತು ಊರು ಸುತ್ತೋವಾಗ ಬರದೇ ಇರೋ ತಲೆನೋವು, ಗಂಡನ ಪಕ್ಕ ಕೂತ್ರೆ ಮಾತ್ರ ಬರುತ್ತಾ? ನಾಟಕ ಆಡ್ಬೇಡ," ಎಂದೆ.

ಮುಂದಿನ ಬಸ್ ನಿಲ್ದಾಣದ ಹತ್ತಿರ, "ನಿಲ್ಸಿ," ಎಂದಳು. ನಿಲ್ಲಿಸಿದೆ. ಇಳಿದು, ಬಾಗಿಲನ್ನು ಮೆಲ್ಲಗೆ ಹಾಕಿ, ನಿಲ್ದಾಣದ ಬೆಂಚಿನ ಮೇಲೆ ಹೋಗಿ ಕೂತಳು. ದಡಾರನೆ ಬಡಿದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ನಾನು ಐದು ನಿಮಿಷ ಕಾದೆ, ಒಮ್ಮೆ ಹಾರ್ನ್ ಒತ್ತಿದೆ. ಬಸ್ಸು ಬಂತು, ಹತ್ತಿ ಹೋದಳು. ಅವಳನ್ನು ನಾಟಕದವಳು ಎಂದದ್ದಕ್ಕೆ ಅವತ್ತೇ ನನಗೆ ನಾಚಿಕೆಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅವತ್ತು ನನಗೆ ಬೇಸರವಾದದ್ದು ಪುಡಿ ಉದುರಿದ್ದಕ್ಕೆ.

ಮಾರನೆಯ ದಿನ ನನ್ನ ಮೋರೆ ಕಂಡು ವೈದ್ಯರೇ ಕೇಳಿದರು. ಹೆಂಡತಿಯ ವಿಷಯ ಬಿಟ್ಟು ಕಾರಿನದನ್ನು ಮಾತ್ರ ಹೇಳಿದೆ. "ನಮ್ಮ ಜನರೇಟರಿನ ಸೈಲೆನ್ಸರ್ ಮಾಡಿದವ್ರ ಹತ್ರ ಹೋಗಿ," ಎಂದರು. "ಮರದ ಡಿಪೋ ಹಿಂದೆ. ಎಲ್ರೂ ಪೈಪಕ್ಕ ಅಂತಾರೆ. ಮೂರು ವರ್ಷ ಆಯ್ತು, ಜನರೇಟರು ಇನ್ನೂ ಬಾಯಿ ಬಿಟ್ಟಿಲ್ಲ."

ಪೈಪಕ್ಕನ ಶೆಡ್ಡಿನಲ್ಲಿ ನನ್ನ ಕಾರಿಗೆ ಮರ್ಯಾದೆ ಕೊಡುವಂಥದ್ದು ಒಂದೂ ಇರಲಿಲ್ಲ. ಒಂದು ಕಡೆ ಬಾಯಿ ತೆರೆದ ಲಾರಿ, ಇನ್ನೊಂದು ಕಡೆ ಚಕ್ರ ಕಳಚಿದ ಟ್ರ್ಯಾಕ್ಟರು, ಗೋಡೆಯುದ್ದಕ್ಕೂ ಅಳತೆಗೆ ತಕ್ಕಂತೆ ಒರಗಿಸಿದ ಕೊಳವೆ ತುಂಡುಗಳು. ಅರವತ್ತರ ಆಸುಪಾಸಿನ ಹೆಂಗಸು, ಕನ್ನಡಕಕ್ಕೆ ಹಿಂದಿನಿಂದ ದಾರ, ರವಿಕೆಯ ತೋಳಿನ ತುಂಬ ಕಿಡಿ ಹಾರಿ ಸುಟ್ಟ ಸಣ್ಣ ಸಣ್ಣ ತೂತು. ಕಾರನ್ನು ನೋಡಿ ಅವರು ಬೆರಗಾಗಲಿಲ್ಲ. "ಬಿಸಿ ಇದೆ. ತಣ್ಣಗಾಗ್ಲಿ. ಬಿಸೀಲಿ ಇದು ಸುಳ್ಳು ಹೇಳುತ್ತೆ," ಎಂದು ಟ್ರ್ಯಾಕ್ಟರಿನ ಕಡೆ ಹೊರಟರು.

ಬರೋ ಭಾನುವಾರ ದೂರ ಹೋಗಬೇಕು ಎಂದು ಹೇಳಿ, ನಾನು ಎಣ್ಣೆಯ ಡಬ್ಬದ ಮೇಲೆ ಕೂತು ಎರಡು ಗಂಟೆ ಕಾದೆ. ನಡುವೆ ಯಾರೋ ಏನೋ ಹೇಳಿ ಪೈಪಕ್ಕ ಜೋರಾಗಿ ನಕ್ಕರು. ನಾನು ಡಬ್ಬದಿಂದ ಎದ್ದುನಿಂತೆ. ಮೇಲಿನ ಸಾಲಿನ ಮುಂದಿನ ಎರಡು ಹಲ್ಲು ನನ್ನವು! ಹೆತ್ತ ಮಗುವನ್ನು ಸಂತೆಯಲ್ಲಿ ಕಂಡಷ್ಟು ಸಂತೋಷವಾಯಿತು.

"ಅಕ್ಕಾ, ಆ ಹಲ್ಲು ನಾನು ಮಾಡಿದ್ದು," ಎಂದೆ. ಅಭಿಮಾನ ತಡೆಯಲಾಗಲಿಲ್ಲ.

"ನೀವಾ?" ಅವರು ನನ್ನನ್ನು ಮೊದಲ ಸಲ ಸರಿಯಾಗಿ ನೋಡಿದರು. "ಬಲಗಡೇದು ಒಂಚೂರು ಎತ್ತರ ಆಗಿತ್ತು. ಕಚ್ಚಿದ್ರೆ ಕಿವಿವರೆಗೂ ನೋವು. ಮೂರು ಸಲ ಡಾಕ್ಟ್ರ ಹತ್ರ ಹೋದೆ. ಒಳಗಿರೋರು ರೂಢಿ ಆಗುತ್ತೆ ಅಂತಾರೆ ಅಂತ ಮೂರು ಸಲಾನೂ ವಾಪಸ್ ಕಳ್ಸಿದ್ರು."

"ಆಮೇಲೆ?" ನನ್ನ ದನಿ ಸಣ್ಣಗಾಗಿತ್ತು.

"ಆಮೇಲೇನು, ನನ್ ಹತ್ರ ಅರ ಇಲ್ವಾ? ಕನ್ನಡಿ ಮುಂದೆ ನಿಂತ್ಕೊಂಡು ನಾನೇ ಉಜ್ಕೊಂಡೆ. ಸರಿ ಹೋಯ್ತು."

ಕಬ್ಬಿಣ ಉಜ್ಜುವ ಅರ! ನಾನು ಇಂಗು ತಿಂದ ಮಂಗನ ಹಾಗೆ ಮತ್ತೆ ಡಬ್ಬದ ಮೇಲೆ ಕೂತೆ. ಅವರಿಗೆ ನನ್ನ ಮೇಲೆ ಸಿಟ್ಟೇನೂ ಇರಲಿಲ್ಲ. ಅದೇ ಕಷ್ಟವಾಯಿತು.

ಕಾರು ತಣಿಯಿತು. ಅದನ್ನು ಎತ್ತಿ ನಿಲ್ಲಿಸಿ, ನನಗೆ ಸ್ಟಾರ್ಟ್ ಮಾಡಲು ಹೇಳಿ, ಅವರು ಒಂದು ಗಜದ ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಗೆ ಹಿಡಿದುಕೊಂಡು ಅಡಿಗೆ ಹೋದರು. ಇನ್ನೊಂದು ತುದಿಯನ್ನು ಎಂಜಿನ್ನಿನಿಂದ ಹಿಂದಕ್ಕೆ ಒಂದೊಂದೇ ಗೇಣು ಸರಿಸುತ್ತ ಕೇಳಿದರು. ಮುಂದಿನ ಸಂದಿನಲ್ಲಿ ನನ್ನ ಪುಡಿಯ ಚೂರು ಸಿಕ್ಕಿತು. ಬೆರಳಲ್ಲಿ ಹಿಸುಕಿ ನೋಡಿ, "ಇದ್ಯಾರು ಸುಣ್ಣ ಮೆತ್ತಿದ್ದು?" ಎಂದರು. ನಾನು ಕೇಳಿಸದವನಂತೆ ಸ್ಟೀರಿಂಗ್ ನೋಡುತ್ತಿದ್ದೆ.

ಅಲ್ಲಿಗೆ ಅವರು ನಿಲ್ಲಿಸಲಿಲ್ಲ. ನಾನು ಬಿಟ್ಟ ಎರಡು ಮಾರು ಕೊಳವೆಯುದ್ದಕ್ಕೂ ಹೋದರು. ಎಡಗಡೆ ಸೀಟಿನ ಕೆಳಗೆ ಬಂದಾಗ ಪೈಪು ನಿಂತಿತು. ಬಹಳ ಹೊತ್ತು ಅಲ್ಲೇ ನಿಂತಿತು. ಎಂಜಿನ್ ಆರಿಸಲು ಹೇಳಿದರು. ಒಳಗೆ ಬಂದು ಆ ಸೀಟಿನ ಮುಂದಿನ ಕಾರ್ಪೆಟ್ ಎತ್ತಿದರು. ತಗಡಿನಲ್ಲಿ ಎರಡು ಬೆರಳು ತೂರುವಷ್ಟು ದುಂಡನೆಯ ತೂತಿತ್ತು. ಅದನ್ನು ಮುಚ್ಚುವ ರಬ್ಬರ್ ಬಿರಡೆ ಯಾವ ಕಾಲಕ್ಕೋ ಬಿದ್ದು ಹೋಗಿತ್ತು.

"ಈ ಸೀಟಲ್ಲಿ ಯಾರು ಕೂರ್ತಾರೆ?"

"ನಮ್ಮ ಮನೆಯವಳು."

"ಅವ್ರಿಗೆ ತಲೆನೋವು ಬರುತ್ತಾ?"

"ಬರುತ್ತೆ," ಎಂದೆ.

"ಬನ್ನಿ, ನೋಡಿ," ಎಂದು ನನ್ನನ್ನು ಅಡಿಗೆ ಕರೆದರು. ಆ ತೂತಿನ ನೇರ ಕೆಳಗೆ ಕೊಳವೆ ತುಕ್ಕು ಹಿಡಿದು ಬಾಯಿ ಬಿಟ್ಟಿತ್ತು. ಬಾಯಿ ಮೇಲ್ಮುಖವಾಗಿತ್ತು. "ಇಲ್ಲಿ ಶಬ್ದ ಬರಲ್ಲ, ಮೇಲಿನ ತಗಡು ನುಂಗುತ್ತೆ. ಹೊಗೆ ಮಾತ್ರ ಸೀದಾ ಒಳಕ್ಕೆ. ಅವ್ರ ಕಡೆ ಗಾಜು ತೆಗ್ದಿರುತ್ತಾ?"

"ಮುಚ್ಚಿರುತ್ತೆ," ಎಂದೆ. ಮುಚ್ಚಿಸುವವನು ಯಾರೆಂದು ಹೇಳಲಿಲ್ಲ.

"ಬರೋ ಭಾನುವಾರ ಎಲ್ಲಿಗೋ ದೂರ ಹೋಗ್ಬೇಕು ಅಂದ್ರಲ್ಲ?"

"ಘಾಟಿ ಮೇಲೆ. ಐದು ಗಂಟೆ ದಾರಿ."

ಪೈಪಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. "ಈ ಹೊಗೆಗೆ ಮೊದ್ಲು ತಲೆ ನೋಯುತ್ತೆ. ಆಮೇಲೆ ವಾಕರಿಕೆ. ಆಮೇಲೆ ನಿದ್ದೆ ಬರುತ್ತೆ. ಪಕ್ಕದಲ್ಲಿರೋರು ಪಾಪ ಸುಸ್ತಾಗಿದೆ, ಮಲಗ್ಲಿ ಅಂದ್ಕೋತಾರೆ. ಐದು ಗಂಟೆ ಅಂದ್ರೆ ಅವ್ರು ಎದ್ದೇಳ್ತಿದ್ರು ಅಂತ ನಾನು ಹೇಳಲ್ಲ."

ಕಾರಿನ ಕೆಳಗೆ ಅಂಗಾತ ಮಲಗಿ ಆ ಎರಡು ಬೆರಳಿನ ತೂತನ್ನು ನೋಡುತ್ತಲೇ ಇದ್ದೆ. ಅವಳು ನಿದ್ದೆ ಮಾಡಿದ್ದರೆ ನಾನು ಏನು ಮಾಡುತ್ತಿದ್ದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅಂತೂ ರೂಢಿಯಾಯಿತು ಎಂದು ಖುಷಿಪಡುತ್ತಿದ್ದೆ. ಮೊಣಕೈ ಹೊರಗಿಟ್ಟು, ಶಬ್ದ ಕೇಳುತ್ತ, ಘಾಟಿ ಹತ್ತುತ್ತಿದ್ದೆ.

ಪೈಪಕ್ಕ ಮುರಿದ ಬೋಲ್ಟನ್ನು ಕೊರೆದು ತೆಗೆದರು. ಮುಂದಿನ ಸಂದಿಗೆ ಹೊಸ ಪ್ಯಾಕಿಂಗ್ ಕೂರಿಸಿ ಮೂರೂ ಬೋಲ್ಟು ಬಿಗಿದರು. ತುಕ್ಕು ಹಿಡಿದ ಭಾಗವನ್ನು ಕತ್ತರಿಸಿ ಎಸೆದು, ಗೋಡೆಗೆ ಒರಗಿಸಿದ್ದ ತುಂಡುಗಳಲ್ಲಿ ಅಳತೆಗೆ ಸರಿಯಾದುದನ್ನು ಆರಿಸಿ ಸುತ್ತಲೂ ವೆಲ್ಡ್ ಹೊಡೆದರು. ತಗಡಿನ ತೂತಿಗೆ ಲಾರಿಯ ಬಿರಡೆಯೊಂದು ಬಿಗಿಯಾಗಿ ಕೂತಿತು. ಆಮೇಲೆ ಮತ್ತೆ ಸ್ಟಾರ್ಟ್ ಮಾಡಿಸಿ, ಮತ್ತೆ ಪೈಪು ಕಿವಿಗಿಟ್ಟುಕೊಂಡು ಮೊದಲಿಂದ ಕೊನೆಯವರೆಗೆ ಕೇಳಿದರು. ಎಲ್ಲ ಸೇರಿ ಅವರು ಕೇಳಿದ ಹಣಕ್ಕೆ ಶೋರೂಮಿನ ಹುಡುಗಿ ಬಾನೆಟ್ಟನ್ನೂ ಎತ್ತುತ್ತಿರಲಿಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ ನಾನು ಚೌಕಾಶಿ ಮಾಡಲಿಲ್ಲ.

ಮನೆಗೆ ಬಂದಾಗ ಅವಳು ಮಂಚದ ಮೇಲೆ ಬಟ್ಟೆ ಮಡಚುತ್ತಿದ್ದಳು. ನಾನು ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ತೂತು, ಹೊಗೆ, ಗಾಜು, ನಿದ್ದೆ. ಒಂದನ್ನೂ ಬಿಡಲಿಲ್ಲ. "ನಂದೇ ತಪ್ಪು. ನಾಟಕ ಅಂದೆ ನಿನ್ನ," ಎಂದೆ.

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಪೂರ್ತಿ ಮಡಚಿ ಚೀಲಕ್ಕಿಟ್ಟಳು.

"ಅಂದ್ರೆ, ನಂಗೆ ತಲೆ ನೋಯ್ತಿತ್ತು ಅಂತ ನೀವು ನಂಬೋಕೆ ಒಬ್ರು ವೆಲ್ಡಿಂಗ್ ಮಾಡೋರು ಹೇಳ್ಬೇಕಾಯ್ತು."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ಏನಾದರೂ ಅನ್ನಬಹುದಿತ್ತು. "ಹೂಂ," ಎಂದೆ, ಅಷ್ಟೇ.

ಆಮೇಲೆ ಆ ಮಾತು ಬರಲಿಲ್ಲ. ಕಾರಲ್ಲಿ ಬಾ ಎಂದು ಕೇಳುವ ಮುಖ ನನಗೆ ಉಳಿದಿರಲಿಲ್ಲ. ಶನಿವಾರ ಬಸ್ ನಿಲ್ದಾಣಕ್ಕೆ ಹೋಗಿ, ಕಿಟಕಿ ಪಕ್ಕದ ಸೀಟೇ ಬೇಕೆಂದು ಕೇಳಿ ಟಿಕೇಟು ತಂದು ಮೇಜಿನ ಮೇಲಿಟ್ಟೆ. ಅವಳು ಅದನ್ನು ನೋಡಿ ಅಲ್ಲೇ ಬಿಟ್ಟಳು.

ಭಾನುವಾರ ಬೆಳಿಗ್ಗೆ ಅವಳ ಚೀಲ ಹೊತ್ತು ನಿಲ್ದಾಣದವರೆಗೆ ನಡೆಯೋಣವೆಂದು ನಾನು ಗೇಟಿನಲ್ಲಿ ಕಾಯುತ್ತಿದ್ದೆ. ಅವಳು ಬಂದವಳೇ ಚೀಲವನ್ನು ಕಾರಿನ ಡಿಕ್ಕಿಗೆ ತುರುಕಿ ಕೈ ಚಾಚಿದಳು.

"ಬೀಗದ ಕೈ ಕೊಡಿ."

ಹದಿನೇಳು ವರ್ಷದಿಂದ ಊರಿಗೆಲ್ಲ ಕಾರು ಕಲಿಸಿದವಳ ಕೈಗೆ ಎರಡು ವರ್ಷದಲ್ಲಿ ಒಂದು ಸಲವೂ ನಾನು ಅದನ್ನು ಕೊಟ್ಟಿರಲಿಲ್ಲ ಎಂಬುದು ಆಗ ನೆನಪಾಯಿತು. ಕೊಟ್ಟೆ. ಅವಳು ಬಲಗಡೆ ಕೂತು, ಸೀಟು ಮುಂದಕ್ಕೆಳೆದು, ಕನ್ನಡಿ ಸರಿಮಾಡಿಕೊಂಡಳು. ನಾನು ಹೊರಗೇ ನಿಂತಿದ್ದೆ.

"ಹತ್ತಿ. ಅಕ್ಕ ಕಾಯ್ತಾ ಇರ್ತಾಳೆ."

ಮೈ ಮಡಚಿಕೊಂಡು ಎಡಗಡೆ ಕೂತೆ. ಅವಳು ತನ್ನ ಕಡೆಯ ಗಾಜನ್ನು ಏರಿಸಿದಳು. ಆಮೇಲೆ ಕೈ ಚಾಚಿ ನನ್ನ ಕಡೆಯದನ್ನೂ ಕೊನೆಯವರೆಗೆ ಏರಿಸಿ, ಕಾರನ್ನು ರಸ್ತೆಗೆ ಇಳಿಸಿದಳು.

"ತಲೆ ನೋವು ಬಂದ್ರೆ ಹೇಳಿ," ಎಂದಳು. "ನಂಬ್ತೀನಿ."